ಬೀಗಿತ್ತಿಯರು ಹಕ್ಕಿ ನೋಡಿದ್ದು

ಸೆಪ್ಟೆಂಬರ್ ೪

ಬೀಗಿತ್ತಿಯವರಿಗೆ,

ನಾವು ಇಲ್ಲಿ ಇದ್ದೇವೆ. ಕ್ಷೇಮವೋ ಅಲ್ಲವೋ ಅದನ್ನು ಆಮೇಲೆ ನೋಡೋಣ. ಮೊದಲು ಸುದ್ದಿ. ಬಾಲ ಕುಣಿಸುವವನು ಬಂದ.

ಇವತ್ತು ಬೆಳಿಗ್ಗೆ, ನಮ್ಮ ಅಡುಗೆಮನೆಯ ಕಿಟಕಿಗೆ ಎದುರಾಗಿ, ಬೇಕರಿಯ ತಗಡಿನ ಮಾಡಿನ ಮೇಲೆ. ಅದೇ ಬೂದು ಬೆನ್ನು, ಅದೇ ಹಳದಿ ಹೊಟ್ಟೆ, ಬಸ್ಸು ತಪ್ಪಿಸಿಕೊಂಡ ಗುಮಾಸ್ತನ ಹಾಗೆ ಅದೇ ತರಾತುರಿಯ ನಡಿಗೆ. ಮಾಡಿನ ತಗ್ಗಿನಲ್ಲಿ ಮಳೆ ನೀರು ನಿಂತಿತ್ತಲ್ಲ, ಅದರ ಅಂಚಿನಲ್ಲಿ ಏನೋ ಹೆಕ್ಕಿತು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ನಾನು ಅಲ್ಲಾಡಲಿಲ್ಲ. ಮೊದಲು ಕಂಡವರು ಮೊದಲು ಬರೆಯಬೇಕು ಅನ್ನುವುದು ನಮ್ಮ ಕರಾರು. ನೀರಿನ ಕೊಳದ ದಂಡೆಯಲ್ಲೇ ಮನೆ ಇಟ್ಟುಕೊಂಡು ನೀವು ಸೋತಿರಿ. ಮೂರನೇ ಮಹಡಿಯ ಅಡುಗೆಮನೆಯಿಂದ ನಾನು ಗೆದ್ದೆ.

ಕಾಗದ ಕಂಡು ನಿಮಗೆ ಗಾಬರಿಯಾಗಿರಬೇಕು. ನಿಮ್ಮ ಮಗ, ನನ್ನ ಮಗಳು ಮಳೆಗಾಲದಲ್ಲಿ ಕೋರ್ಟಿನಲ್ಲಿ ಸಹಿ ಹಾಕಿ ಬೇರೆಯಾದ ಮೇಲೆ ಎರಡು ಮನೆಗೂ ಮಾತು ನಿಂತಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರೆ. ನಿಮ್ಮ ಮಗ ನೀರು ಸರಬರಾಜಿನ ಕೆಲಸದವನಾದ್ದರಿಂದ ಕೋಣ ಯಾರು ಅಂತ ನಾನು ಬಿಡಿಸಿ ಹೇಳುವುದಿಲ್ಲ. ಹೋಗಲಿ, ಬಿಟ್ಟರು. ಆದರೆ ಸಹಿ ಹಾಕಿದವರು ಅವರು. ನಾನು ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಲ್ಲ. ಆದ್ದರಿಂದ ನೀವು ಬೀಗಿತ್ತಿಯೇ. ಆ ಮಾತು ಇಲ್ಲಿಗೆ ಮುಗಿಯಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತ ಗಾದೆ. ಕೂಸು ಗುಂಡಗುಂಡಗೆ ಚೆನ್ನಾಗಿಯೇ ಇದೆ. ತಿಂಗಳಿಗೊಮ್ಮೆ ಅಪ್ಪನ ಹತ್ತಿರ ಬಂದಾಗ ನೀವೇ ನೋಡುತ್ತೀರಲ್ಲ. ಬಡವಾದದ್ದು ನಾವಿಬ್ಬರು ಮುದುಕಿಯರು. ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಈಗ ಕೇಳುವುದನ್ನು ಕೇಳಿಬಿಡುತ್ತೇನೆ. ಬಾತುಗಳು ಇಳಿಯುವ ಹೊತ್ತಿಗೆ ಎಂದಿನಂತೆ ಬರಲೇ? ನಿಮ್ಮ ಕ್ವಾರ್ಟರ್ಸಿನ ಹಿಂದೆ, ಏರಿಯ ಮೇಲೆ, ಆ ಹಳೇ ಪೈಪಿನ ಮೇಲೆ ಕೂರಬೇಕು ಅನ್ನಿಸುತ್ತಿದೆ. ನಾನು ಬಾಯಿ ಮುಚ್ಚಿಕೊಂಡು ಕೂತ ಜಾಗ ಈ ಲೋಕದಲ್ಲಿ ಅದೊಂದೇ. ಮಗಳು ಮಾತ್ರ “ಅಮ್ಮ, ಇನ್ನು ಆ ಕಾಂಪೌಂಡಿಗೆ ಕಾಲಿಡಬೇಡ, ನನ್ನ ಮರ್ಯಾದೆನೂ ಸ್ವಲ್ಪ ನೋಡು” ಅಂದಿದ್ದಾಳೆ. ನೀವು ಬಾ ಅಂದರೆ ಅವಳ ಮರ್ಯಾದೆಯನ್ನು ಒಂದು ವಾರ ಬೀರುವಿನಲ್ಲಿಟ್ಟು ಬರುತ್ತೇನೆ.

ಕೋಳಿ ಕೆದರಿದಂಥ ಅಕ್ಷರದ
ನಿಮ್ಮ ಬೀಗಿತ್ತಿ


ಸೆಪ್ಟೆಂಬರ್ ೧೩

ಬೀಗಿತ್ತಿಯವರಿಗೆ ನಮಸ್ಕಾರ.

ಕಾಗದ ತಲುಪಿತು. ನೀವು ಕಂಡದ್ದು ಬೂದು ಸಿಪಿಲೆ. ಒಪ್ಪಿದ್ದೇನೆ.

ಇಲ್ಲಿ ಎರಡನೆಯ ಕೊಳದ ನೀರು ಇಳಿಸಿ ಹೂಳು ತೆಗೆಯುತ್ತಿದ್ದಾರೆ. ಕೆಸರಿನ ಅಂಚಿಗೆ ಗದ್ದೆಗೊರವಗಳು ಬಂದಿವೆ. ನೀವು ‘ಬಿಕ್ಕಳಿಕೆ ಹಕ್ಕಿ’ ಎನ್ನುತ್ತೀರಲ್ಲ, ಹಿಂಭಾಗ ಎತ್ತಿ ಎತ್ತಿ ಇಳಿಸುವುದು, ಅದೇ. ಕವಲುತೋಕೆಗಳು ಪಂಪ್‌ಹೌಸಿನ ತಂತಿಯ ಮೇಲೆ ಸಾಲಾಗಿ ಕೂರಲು ಶುರುಮಾಡಿವೆ. ಬಾತುಗಳು ಇನ್ನೂ ಇಲ್ಲ.

ಯಾರ ಕಾಗದ ಎಂದು ಮಗ ಕೇಳಿದ. ಗ್ಯಾಸ್ ಕಂಪನಿಯದು ಎಂದೆ. ನಾನು ಕೆಲಸ ಮಾಡಿದಷ್ಟು ಕಾಲವೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಬೇರೆಯವರ ಮಾತಿಗೆ ತಂತಿ ಜೋಡಿಸಿದವಳು. ನನ್ನದೇ ಸುಳ್ಳು ಹೇಳಿ ಅಭ್ಯಾಸವಿಲ್ಲ. ಅವನು ನಂಬಲಿಲ್ಲ. ಲಕೋಟೆಯ ಮೇಲಿನ ಅಕ್ಷರ ಯಾವ ಕಂಪನಿಯದೂ ಆಗಿರಲು ಸಾಧ್ಯವಿಲ್ಲ.

ಈ ವರ್ಷ ಬರಬೇಡಿ. ಅವನು ಊಟಕ್ಕೆ ಕೂತರೆ ಗೋಡೆ ನೋಡುತ್ತಾನೆ. ನೀವು ಬಂದರೆ, ನಿಮ್ಮ ಹಿಂದೆ ಇನ್ನೊಬ್ಬರು ಬರುತ್ತಿದ್ದಾರೆಯೇ ಎಂದು ನೋಡುತ್ತಾನೆ. ಅದನ್ನು ನೋಡುವ ಶಕ್ತಿ ನನಗಿಲ್ಲ. ತಪ್ಪು ತಿಳಿಯಬೇಡಿ.

ನಿಮ್ಮ ಸೊಂಟದ ನೋವು ಹೇಗಿದೆ? ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ನಿಮ್ಮ ಲೋಟ ನಮ್ಮ ಕಪಾಟಿನಲ್ಲೇ ಇದೆ.

ಇತಿ,
ಬೀಗಿತ್ತಿ


ಸೆಪ್ಟೆಂಬರ್ ೨೨

ಬೀಗಿತ್ತಿಯವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಕಿಟಕಿ ಕಡೆ ತಿರುಗಲಿಲ್ಲ. ಹಕ್ಕಿಗಳಿಗೇನು ನಷ್ಟ, ಅವು ಬಂದೇ ಬಂದವು. ಸಿಟ್ಟು ನನಗೆ, ಉಪವಾಸ ನನ್ನ ಕಣ್ಣಿಗೆ. ಮೂರನೇ ದಿನ ನಾಚಿಕೆ ಬಿಟ್ಟು ನೋಡಿದೆ. ಬೇಕರಿಯ ಮಾಡಿನ ಮೇಲೆ ಈಗ ಜೋಡಿ.

ಲೋಟ ಕಪಾಟಿನಲ್ಲಿದೆ ಅಂತ ಬರೆದಿರಿ. ಕಪಾಟಿನಲ್ಲಿದ್ದರೆ ಕಾಫಿ ಕುಡಿಯಲಾಗುತ್ತದೆಯೇ?

ಇಲ್ಲಿ ಇನ್ನೊಂದು ಅನಾಹುತ ಆಯಿತು. ನಿಮ್ಮ ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಿದ್ದೆ. ಮಗಳು ಚಷ್ಮದ ಅಂಗಡಿಯ ಕೆಲಸ ಮುಗಿಸಿ ಬಂದವಳು, ದಿನವಿಡೀ ನಿಂತು ಕಾಲು ಬಾತಿತ್ತು, ಟೀ ಮಾಡಿಕೊಳ್ಳಲು ಹೋಗಿ ಡಬ್ಬಿ ಎತ್ತಿದಳು.

“ಏನಮ್ಮ ಇದು?”

“ಕಾಣಲ್ವಾ? ಕಾಗದ.”

“ಯಾರದು?”

“ಗ್ಯಾಸ್ ಕಂಪನಿದು.”

ಓದಿದಳು. “ಗ್ಯಾಸ್ ಕಂಪನಿಯವರು ನಿನ್ನ ಸೊಂಟ ವಿಚಾರಿಸ್ಕೋತಾರಾ?” ಅಂದಳು.

ಮುಂದಿನ ಸಲ ಸುಳ್ಳನ್ನಾದರೂ ನನ್ನದೇ ಒಂದು ಹೊಸೆದುಕೊಳ್ಳುತ್ತೇನೆ. ನಿಮ್ಮ ಸುಳ್ಳು ನಿಮ್ಮ ಮನೆಯಲ್ಲೂ ನಡೆಯಲಿಲ್ಲ, ನಮ್ಮ ಮನೆಯಲ್ಲೂ ನಡೆಯಲಿಲ್ಲ.

ಆಮೇಲೆ ಶುರುವಾಯಿತು ನೋಡಿ. “ನಂಗೆಲ್ಲಾ ಗೊತ್ತು. ನೀವಿಬ್ಬರೂ ಸೇರ್ಕೊಂಡು ನಮ್ಮನ್ನ ಮತ್ತೆ ಜೋಡಿಸೋಕೆ ನೋಡ್ತಿದ್ದೀರ. ಹಕ್ಕಿ ಅನ್ನೋದು ಬರೀ ನೆಪ.”

“ನಿನ್ನನ್ನೂ ಅವನನ್ನೂ ಜೋಡಿಸೋ ಬದಲು ಬೆಕ್ಕಿಗೂ ಹಕ್ಕಿಗೂ ಸಂಬಂಧ ಕುದುರಿಸ್ತೀನಿ, ಹೋಗೆ” ಅಂದೆ.

“ಹಾಗಾದ್ರೆ ಅವರ ಹತ್ರ ನಿಂಗೇನಮ್ಮ ಕೆಲಸ?”

ಬೀಗಿತ್ತಿ, ಮಗಳು ಗೆದ್ದೆ ಅಂದುಕೊಂಡು ಟೀ ಹಿಡಿದು ಒಳಗೆ ಹೋದಳು. ನಾನು ಕತ್ತಲಾಗುವವರೆಗೆ ಸಕ್ಕರೆ ಡಬ್ಬಿಯ ಎದುರಿಗೆ ಕೂತಿದ್ದೆ.

ಏನು ಕೆಲಸ ಅಂತ ಹೇಳಲಿ? ಮದುವೆಯಲ್ಲಿ ನೀವು ನಮ್ಮ ಕಾಫಿ ತಣ್ಣಗಿದೆ ಅಂದಿರಿ. ಕಾಫಿ ತಣ್ಣಗಿದ್ದರೇನು, ನಿಮ್ಮ ಕಡೆಯವರ ತಲೆ ಬಿಸಿಯಾಗಿದೆಯಲ್ಲ ಅಂತ ನಾನು ಅಂದೆ. ಅಲ್ಲಿಂದ ಮುಂದೆ ನೀವು ಬಂದರೆ ನಾನು ಎದ್ದೆ, ನಾನು ಬಂದರೆ ನೀವು ಎದ್ದಿರಿ. ಆಸ್ಪತ್ರೆಯಲ್ಲಿ ಮಾತ್ರ ಏಳಲು ಜಾಗವಿರಲಿಲ್ಲ. ಹೆರಿಗೆ ಕೋಣೆಯ ಹೊರಗೆ ಇದ್ದದ್ದೇ ಒಂದು ಬೆಂಚು. ಆ ತುದಿಗೆ ನೀವು, ಈ ತುದಿಗೆ ನಾನು, ನಡುವೆ ಒಂದು ಸಂಸಾರ ಕೂರುವಷ್ಟು ಜಾಗ. ನಿಮ್ಮ ಮಗ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಬೆಳಕು ಹರಿಯುತ್ತಿತ್ತು. ನೀವು ಎದ್ದು ಕಿಟಕಿಗೆ ಹೋದಿರಿ. “ಹೆಬ್ಬಾತು” ಅಂದಿರಿ. ನನಗೆ ಹೇಳಿದ್ದಲ್ಲ, ಗಾಜಿಗೆ ಹೇಳಿದ್ದು. ನಾನೂ ಬಂದು ನಿಂತೆ. ಆಹಾ, ಎಂಥ ಉದ್ದದ ಸಾಲು! ವಾಹನ ನಿಲ್ಲಿಸುವ ಬಯಲಿನ ಮೇಲೆ, ಆ ತುದಿಯಿಂದ ಈ ತುದಿಗೆ, ಒಂದು ಕಡೆ ಹರಿದುಹೋಗಿ ಮತ್ತೆ ತಾನೇ ಹೊಲಿದುಕೊಂಡು ಹೋಗುತ್ತಿತ್ತು. ಕಿಟಕಿ ಮುಚ್ಚಿದ್ದರೂ ಅವುಗಳ ಕೂಗು ಕೇಳುತ್ತಿತ್ತು.

“ಎಲ್ಲಿಂದ ಬರ್ತವೆ?” ಅಂದೆ.

“ಮೇಲಿಂದ” ಅಂದಿರಿ.

“ಮೇಲಿಂದ ಅಂತ ಕಾಣ್ತಿದೆ, ನಾನೇನು ಕುರುಡಿಯಾ?”

ನೀವು ನಕ್ಕಿರಿ. ನಿಮಗೆ ಹಲ್ಲಿದೆ ಅಂತ ನನಗೆ ಗೊತ್ತಾದದ್ದೇ ಅವತ್ತು. ಅಷ್ಟರಲ್ಲಿ ನರ್ಸ್ ಬಾಗಿಲು ತೆಗೆದು ಹೆಣ್ಣು ಮಗು ಅಂದಳು. ನಾವಿಬ್ಬರೂ “ಒಂದು ನಿಮಿಷ” ಅಂದೆವು, ನೆನಪಿದೆಯಾ? ಕೊನೆಯ ಹಕ್ಕಿ ದಾಟುವವರೆಗೆ ತಿರುಗಲಿಲ್ಲ. ಎಂಥಾ ಅಜ್ಜಿಯರು ನೀವು ಅಂತ ಬೈಸಿಕೊಂಡೆವು.

ಇದನ್ನು ಮಗಳಿಗೆ ಹೇಗೆ ಹೇಳುವುದು? ನೀನು ಒಳಗೆ ನೋವು ತಿನ್ನುತ್ತಿದ್ದಾಗ ನಿನ್ನಮ್ಮ ಹೊರಗೆ ಆಕಾಶ ನೋಡುತ್ತಿದ್ದಳು ಅಂತಲೇ? ಅವಳಿಗೆ ಆ ದಿನ ಮಗು ಸಿಕ್ಕಿತು. ನನಗೆ ಮಗುವಿನ ಜೊತೆ ನೀವೂ ಸಿಕ್ಕಿರಿ. ಅಷ್ಟೇ ವಿಷಯ.

ಕೆಳಗೆ ಸೈಕಲ್ ನಿಲ್ಲಿಸುವ ಕಡೆ ಒಂದು ಮರವಿದೆಯಲ್ಲ, ಅದರಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಹಸಿರು ಹಕ್ಕಿಯೊಂದು ಎಲೆ ಎಲೆಯನ್ನೂ ತಡಕಾಡುತ್ತಿದೆ, ಬೀಗದ ಕೈ ಕಳೆದುಕೊಂಡವರ ಹಾಗೆ. ಯಾರದು? ಬರಬೇಡ ಅಂದಿರಿ, ಬರೆಯಬೇಡ ಅನ್ನಲಿಲ್ಲ. ಅದಕ್ಕೇ ಕೇಳಿದೆ.

ನಿಮ್ಮ
ಬೀಗಿತ್ತಿ


ಅಕ್ಟೋಬರ್ ೩

ಬೀಗಿತ್ತಿಯವರಿಗೆ ನಮಸ್ಕಾರ.

ಅದು ಎಲೆ ಉಲಿಯಕ್ಕಿ. ಬಹಳ ದೂರದಿಂದ ಬಂದಿರುತ್ತದೆ, ತಿನ್ನಲಿ, ಓಡಿಸಬೇಡಿ.

ನಾವಿಬ್ಬರೂ ಸೇರಿ ಏನೋ ಹೂಡುತ್ತಿದ್ದೇವೆ ಎಂದು ನನ್ನ ಮಗನೂ ಹೇಳಿದ. ಅದೇ ಮಾತು, ಅದೇ ಸಿಟ್ಟು. ಇಷ್ಟೊಂದು ಒಂದೇ ಥರ ಯೋಚಿಸುವವರು ಜೊತೆಯಲ್ಲಿ ಬಾಳಲು ಯಾಕೆ ಆಗಲಿಲ್ಲವೋ ತಿಳಿಯದು. ಇದನ್ನು ಅವನಿಗೆ ಹೇಳಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಅವನು ವರ್ಗ ಕೇಳಿಕೊಂಡಿದ್ದ, ಆದೇಶ ಬಂದಿದೆ. ಜನವರಿಯಲ್ಲಿ ಹೊರಡಬೇಕು. ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಅಲ್ಲಿ ಕೊಳಗಳಿಲ್ಲವಂತೆ, ನೀರೆಲ್ಲ ನೆಲದೊಳಗೆ, ಮುಚ್ಚಿದ ಟ್ಯಾಂಕಿನಲ್ಲಿ ಇರುತ್ತದಂತೆ. ಮುಂದಿನ ವರ್ಷ ನಾನು ಯಾವ ಹಕ್ಕಿಯ ಸುದ್ದಿ ಬರೆಯಲಿ ಎಂದು ನಿನ್ನೆ ಬಟ್ಟೆ ಒಣಗಹಾಕುವಾಗ ಯೋಚಿಸಿದೆ. ಬಟ್ಟೆ ಕೈಯಲ್ಲೇ ಉಳಿಯಿತು.

ಆದ್ದರಿಂದ ಬರಬೇಡಿ ಎಂದು ಬರೆದದ್ದನ್ನು ಇನ್ನೊಮ್ಮೆ ಪರಿಶೀಲಿಸಿದೆ.

ನಿಮ್ಮನ್ನು ಕರೆಯಬೇಡ ಎಂದು ಮಗ ಮೊದಲೇ ಹೇಳಿದ್ದ, ಆ ಮಾತನ್ನು ಇನ್ನೊಮ್ಮೆ ಅವನಿಂದ ಹೇಳಿಸಿದೆ. “ಅವರನ್ನ ಕಾಂಪೌಂಡ್ ಒಳಗೆ ಕರೀಬೇಡ ಅಂದೆ ಅಷ್ಟೆ” ಎಂದ. ನಿಮ್ಮ ಮಗಳು ಹೇಳಿದ್ದು, ನೀವೇ ಬರೆದಂತೆ, ಕಾಂಪೌಂಡಿಗೆ ಕಾಲಿಡಬೇಡ ಎಂದು. ಮೂರನೆಯ ಕೊಳದ ಪಶ್ಚಿಮಕ್ಕೆ ಹೆಣೆದ ತಂತಿಯ ಬೇಲಿ ಇದೆ. ಬೇಲಿಯ ಈಚೆ ಕಾಂಪೌಂಡು. ಆಚೆ ಬಸ್ಸಿನ ರಸ್ತೆ. ರಸ್ತೆಯ ವಿಚಾರದಲ್ಲಿ ಇಬ್ಬರೂ ಏನೂ ಹೇಳಿಲ್ಲ.

ಹದಿನಾಲ್ಕರ ಬೆಳಿಗ್ಗೆ ನಾನು ಬೇಲಿಯ ಈಚೆ ಇರುತ್ತೇನೆ. ಆಚೆ ಯಾರಿರುತ್ತಾರೆ ಎಂಬುದು ನನಗೆ ಸಂಬಂಧಪಟ್ಟದ್ದಲ್ಲ.

ಬೆಳಿಗ್ಗೆ ಚಳಿ ಇರುತ್ತದೆ. ಶಾಲು ತನ್ನಿ.

ಇತಿ,
ಬೀಗಿತ್ತಿ


ಅಕ್ಟೋಬರ್ ೧೭

ನೀರಿನ ಮನೆಯ ಯಜಮಾನನಿಗೆ,

ಅಳಿಯನಾಗಿದ್ದಾಗ ನಿಮ್ಮನ್ನು ‘ನೀವು’ ಅನ್ನುತ್ತಿದ್ದೆ. ಈಗ ಅಳಿಯ ಅಲ್ಲವಾದ್ದರಿಂದ ‘ನೀನು’ ಅನ್ನುತ್ತೇನೆ. ನನಗೆ ಮಗನಿದ್ದಿದ್ದರೆ ನಿನ್ನ ವಯಸ್ಸೇ. ಸಹಿ ಹಾಕಿದ್ದರಿಂದ ನಿನಗೆ ಇಷ್ಟಾದರೂ ಲಾಭವಾಗಲಿ.

ನಿನಗೆ ಕಾಗದ ಬರೆಯುವುದು ಇದೇ ಮೊದಲು. ಕಡೆಯದೂ ಆಗಬಹುದು. ನಿನ್ನಮ್ಮನಿಗೆ ಗೊತ್ತಿಲ್ಲ. ಅವರು ಕೊಟ್ಟ ಉಪಾಯದಂತೆ ಮೊನ್ನೆ ಬಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ. ನಾನು ಕಾಂಪೌಂಡಿಗೆ ಕಾಲಿಡಲಿಲ್ಲ, ನೀನೇ ಸಾಕ್ಷಿ.

ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಮಗಳಿಗೆ ಹೇಳಿ ಮೊದಲ ಬಸ್ಸು ಹತ್ತಿದೆ. ಕಂಡಕ್ಟರ್ “ಇಲ್ಲಿ ಸ್ಟಾಪ್ ಇಲ್ಲ ಅಜ್ಜಿ” ಅಂದ. “ಸ್ಟಾಪ್ ಇಲ್ಲದಿದ್ರೆ ಬ್ರೇಕ್ ಇಲ್ವೇನಪ್ಪಾ?” ಅಂದೆ. ನಿಲ್ಲಿಸಿದ. ಮೊಣಕಾಲುದ್ದದ ಹುಲ್ಲಿನಲ್ಲಿ ಇಳಿದು ಬೇಲಿಯ ಹತ್ತಿರ ಬಂದರೆ ನಿನ್ನಮ್ಮ ಆಗಲೇ ನಿಂತಿದ್ದರು, ಟಿಕೆಟ್ಟಿನ ಕಿಟಕಿಯ ಹಿಂದೆ ನಿಂತವರ ಹಾಗೆ ನೆಟ್ಟಗೆ.

“ಬಂದಿರಾ?” ಅಂದರು.

“ಇಲ್ಲ, ಇನ್ನೂ ಬಸ್ಸಲ್ಲೇ ಇದ್ದೀನಿ” ಅಂದೆ.

ಅಷ್ಟೇ ಮಾತು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದರು. ತಂತಿಯ ಕಣ್ಣಿನಲ್ಲಿ ಲೋಟ ತೂರಲಿಲ್ಲ. ಬಿಸ್ಕತ್ತು ತೂರಿತು. ನಾನು ಒಣ ಬಿಸ್ಕತ್ತು ತಿಂದೆ, ಅವರು ಬರೀ ಕಾಫಿ ಕುಡಿದರು. ಮಂಜು ಸ್ವಲ್ಪ ಎದ್ದ ಮೇಲೆ ಮೂರನೇ ಕೊಳದ ಮೇಲೆ ರೆಕ್ಕೆ ಸದ್ದು. ಮೊದಲು ಸದ್ದು, ಆಮೇಲೆ ನೀರು ಸೀಳಿದ್ದು, ಆಮೇಲೆ ಹಕ್ಕಿ. “ಚಲುಕದ ಬಾತು” ಅಂತ ಅವರು. “ಚಮಚದ ಮೂತಿ” ಅಂತ ನಾನು. ಪ್ರತಿ ವರ್ಷ ಅವರು ನನ್ನನ್ನು ತಿದ್ದುತ್ತಾರೆ. ಈ ಸಲ ತಿದ್ದಲಿಲ್ಲ. “ಹೌದು, ಚಮಚದ ಮೂತಿ” ಅಂದರು. ಆಗ ನನಗೆ ಹೆದರಿಕೆಯಾಯಿತು ನೋಡು. ಯಾರಾದರೂ ನನ್ನ ಮಾತನ್ನು ಹಾಗೆ ಸುಮ್ಮನೆ ಒಪ್ಪಿಕೊಂಡರೆ, ಅವರು ಹೊರಟಿದ್ದಾರೆ ಅಂತಲೇ ಅರ್ಥ.

ನೀನು ಪಂಪ್‌ಹೌಸಿನ ಕಿಟಕಿಯಲ್ಲಿ ನಿಂತದ್ದು ನನಗೆ ಕಾಣಿಸಿತು. ಚಷ್ಮದ ಅಂಗಡಿಯವಳ ಅಮ್ಮ ನಾನು, ದೂರ ಚೆನ್ನಾಗಿ ಕಾಣುತ್ತದೆ. ಆಮೇಲೆ ಕಿಟಕಿ ಖಾಲಿಯಾಯಿತು. ಮುಗಿಯಿತು, ಗೇಟಿನವನನ್ನು ಕಳಿಸಿ ಎಬ್ಬಿಸುತ್ತಾನೆ ಅಂದುಕೊಂಡೆ. ಬೈಗುಳ ಒಂದೆರಡು ಸಿದ್ಧ ಮಾಡಿಟ್ಟುಕೊಂಡೆ. ನೀನು ಬಂದೆ. ಗೇಟು ಸುತ್ತಿಕೊಂಡು, ರಸ್ತೆಯ ಕಡೆಯಿಂದ, ತಲೆಯ ಮೇಲೆ ಕಬ್ಬಿಣದ ಕುರ್ಚಿ ಹೊತ್ತು. ನನ್ನ ಹಿಂದೆ ಇಟ್ಟೆ. ರಸ್ತೆಯ ಕಡೆ ಒಮ್ಮೆ ತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಹೊರಟುಹೋದೆ.

ಅದಕ್ಕೇ ಈ ಕಾಗದ. ಯಾರೂ ಇರುವುದಿಲ್ಲ ಕಣಪ್ಪ. ನಾನೊಬ್ಬಳೇ ಬರುವುದು, ನನ್ನ ಹಿಂದೆ ಯಾರೂ ಇಲ್ಲ. ನಾವು ಏನೂ ಹೂಡುತ್ತಿಲ್ಲ. ನೀನು ಕೆಟ್ಟವನಲ್ಲ, ಅವಳೂ ಕೆಟ್ಟವಳಲ್ಲ. ಅವಳಿಗೆ ಮನೆ ತುಂಬ ಮಾತು ಬೇಕು, ನಿನ್ನಿಂದ ಒಂದು ಮಾತು ಹೊರಡಿಸಬೇಕಾದರೆ ಪಂಪು ಹಾಕಬೇಕು. ನೀವಿಬ್ಬರೂ ಬಿಟ್ಟದ್ದು ಸರಿಯೋ ತಪ್ಪೋ ಆ ಲೆಕ್ಕ ನಿಮ್ಮದು. ಆದರೆ ನಮ್ಮಿಬ್ಬರನ್ನು ಬಿಡಿಸಿದ ಕೋರ್ಟು ಯಾವುದು? ನಮ್ಮ ಹತ್ತಿರ ಯಾವ ಲಾಯರು ಬಂದಿದ್ದ?

ನಿನ್ನಮ್ಮನನ್ನು ಕರೆದುಕೊಂಡು ಹೋಗು. ಬೇಡ ಅನ್ನಲು ನಾನು ಯಾರು. ಜನವರಿಯವರೆಗೆ ಮಾತ್ರ ನನಗೆ ಬಿಟ್ಟುಕೊಡು. ಬೇಲಿಯ ಹೊರಗಾದರೂ ಸರಿ. ನಾನು ಬೇಡಿ ಅಭ್ಯಾಸವಿಲ್ಲದವಳು, ಹೇಗೆ ಬೇಡಬೇಕೋ ಗೊತ್ತಿಲ್ಲ. ಇದನ್ನೇ ಬೇಡಿದ್ದು ಅಂತ ತಿಳಿದುಕೋ.

ಮನೆಗೆ ಬಂದಾಗ ಶಾಲಿನ ತುಂಬ ಅಂಟುಹುಲ್ಲಿನ ಬೀಜ. ಮಗಳು ನೋಡಿ “ಹಲ್ಲಿನ ಡಾಕ್ಟರ ಹತ್ರ ಹುಲ್ಲು ಬೆಳ್ದಿದ್ಯಾ ಅಮ್ಮ?” ಅಂದಳು. ಸುಳ್ಳು ನನಗೆ ಒಗ್ಗುವುದಿಲ್ಲ, ಎಲ್ಲಾ ಹೇಳಿದೆ. ಬೈಯುತ್ತಾಳೆ ಅಂತ ಕಾದೆ. ಶಾಲು ಮಡಿಲ ಮೇಲೆ ಹಾಕಿಕೊಂಡು ಒಂದೊಂದೇ ಬೀಜ ಕೀಳುತ್ತಾ ಕೂತಳು. ಅರ್ಧ ಶಾಲು ಮುಗಿದ ಮೇಲೆ ಕೇಳಿದಳು.

“ಯಾವ ಕುರ್ಚಿ? ಆ ಕುಂಟೋದಾ?”

“ಹೂಂ.”

“ಅದನ್ನ ಸರಿಮಾಡಿ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೀತು” ಅಂದಳು. ಮತ್ತೆ ಬೀಜ ಕೀಳತೊಡಗಿದಳು.

ಆದ್ದರಿಂದ ಕಡೆಯ ಮಾತು. ಕುರ್ಚಿ ಕುಂಟುತ್ತದೆ. ಇದನ್ನು ಹೇಳುತ್ತಿರುವುದು ನಾನು, ಬೇರೆ ಯಾರೂ ಅಲ್ಲ.

ಮಗುವಿನ ಅಜ್ಜಿ


ಅಕ್ಟೋಬರ್ ೨೯

ಅತ್ತೆ,

ನಿಮ್ಮ ಕಾಗದ ಬಂತು. ಉತ್ತರ ಬರೆಯಲು ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ಕುರ್ಚಿಯ ಕಾಲು ಬೆಸುಗೆ ಹಾಕಿಸಿದ್ದೇನೆ. ಈಗ ಕುಂಟುವುದಿಲ್ಲ. ಹೇಳಿದವರಿಗೆ ತಿಳಿಸಿ.

ಗೇಟಿನವನಿಗೆ ಹೇಳಿಟ್ಟಿದ್ದೇನೆ. ಯಾರು, ಏನು ಎಂದು ಅವನು ನಿಮ್ಮನ್ನು ಕೇಳುವುದಿಲ್ಲ. ಮುಂದಿನ ಕೋಣೆಯಲ್ಲಿ ಮಂಚ ಹಾಕಿದೆ. ನೀವು ಬಂದಿರುವ ವಾರ ನಾನು ರಾತ್ರಿ ಪಾಳಿ ತೆಗೆದುಕೊಳ್ಳುತ್ತೇನೆ, ನಿಮಗೆ ಮುಜುಗರ ಆಗುವುದು ಬೇಡ. ವರ್ಗದ ಆದೇಶ ಬದಲಾಗುವುದಿಲ್ಲ, ಕೇಳಿಕೊಂಡವನು ನಾನೇ. ಆ ಊರಿನ ವಿಳಾಸ, ರೈಲಿನ ಹೆಸರು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ.

ಸೂಜಿಬಾಲದ ಬಾತುಗಳು ಬಂದಿವೆ. ಅಮ್ಮ ಹೇಳಿದ್ದಲ್ಲ, ನಾನೇ ನೋಡಿದೆ. ಅಮ್ಮ ಈಗ ಹಕ್ಕಿ ನೋಡುತ್ತಿಲ್ಲ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ. ಬೆಳಗಾದರೆ ಗೇಟು ಸುತ್ತಿಕೊಂಡು ಬೇಲಿಯ ಆಚೆ ಹೋಗಿ, ನೀವು ಕೂತಿದ್ದ ಕುರ್ಚಿಯಲ್ಲಿ ಕೂರುತ್ತಾಳೆ. ಅಲ್ಲಿಂದ ಕೊಳ ಚೆನ್ನಾಗಿ ಕಾಣುತ್ತದೆ ಎನ್ನುತ್ತಾಳೆ. ಕುರ್ಚಿಯನ್ನು ಮಾತ್ರ ರಸ್ತೆಯ ಕಡೆಗೆ ತಿರುಗಿಸಿಕೊಂಡಿರುತ್ತಾಳೆ. ಬಸ್ಸು ನಿಲ್ಲದೆ ಹೋದಾಗಲೆಲ್ಲ ಒಮ್ಮೆ ಏಳುತ್ತಾಳೆ, ಮತ್ತೆ ಕೂರುತ್ತಾಳೆ.

ಬೇಗ ಬನ್ನಿ.